ಬಾಯಿ ಬಿಡ್ತಾವೆ

ಮೋಡ ಕವಿದು ಮೂರು ದಿನ.
ಸಂಜೆ ಚೆಲ್ಲಿದ ತೌಡು ಚೆಲ್ಲಿದಲ್ಲೇ ತೇಲುತ್ತಿತ್ತು.
ಅಲ್ಲೇ ಅರ್ಥವಾಗಬೇಕಿತ್ತು ನಮಗೆ.

ಬೆಳಗಿನ ಜಾವ ಮೂರಕ್ಕೆ ಮಂಚಯ್ಯ ಕೂಗಿದ.
ಹೆಸರಿಡಿದಲ್ಲ, ಏಳಿ ಅಂತಲೂ ಅಲ್ಲ,
"ಬಾಯಿ ಬಿಡ್ತಾವೆ" ಅಂತ.
ಅಷ್ಟು ಸಾಕು. ನಾನೂ ಮಗಳೂ ಏರಿಯ ಮೇಲೆ.

ಟಾರ್ಚು ಬಿಟ್ಟರೆ ಕೊಳದ ತುಂಬ ಬಾಯಿ.
ಕಾಟ್ಲಾದ್ದು ದೊಡ್ಡದು, ಗೆಂಡೆಯದು ಮೀಸೆಯದು,
ನೀರಿನ ತೊಗಲ ಮೇಲೆ ದುಂಡಗೆ ತೆರೆದು
ಚುಪ್ ಚುಪ್ ಎಂಬುದೊಂದೇ ಸದ್ದು.
ನೀರೊಳಗಿದ್ದೂ ಉಸಿರಿಲ್ಲ!
ತವರಲ್ಲಿದ್ದೂ ಉಪವಾಸ ಅನ್ನುತ್ತಿದ್ದಳು ನಮ್ಮತ್ತೆ,
ಇಂಥದ್ದಕ್ಕೇ ಇರಬೇಕು.

ಈ ಕೊಳ ಮೊದಲು ಗದ್ದೆ.
ನಾಲೆ ಬಸಿದು ಬಸಿದು ಚೌಳಾಯಿತು,
ಕಬ್ಬು ಮೊಣಕಾಲೆತ್ತರಕ್ಕೇ ಕೆಂಪಗೆ ನಿಂತುಬಿಟ್ಟಿತು.
"ಬೇಡ ಅಂದರೂ ಬರೋ ನೀರು, ಬರೋದನ್ನೇ ಸಾಕೋಣ"
ಅಂದವನು ಇವನೇ.
ಹುಣಸೇಕೊಪ್ಪಲೆಲ್ಲ ನಕ್ಕಿತು.
ಜೆಸಿಬಿ ಬಾಡಿಗೆ ಗಂಟೆ ಲೆಕ್ಕ;
ನನ್ನ ಓಲೆ ಎರಡು ದಿನ ಅಗೆದವು.

ಕನ್ನಂಬಾಡಿ ಮಗ್ಗುಲಿಂದ ಮರಿ ತಂದೆ,
ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ
ಪಾಂಡವಪುರದ ಬಸ್ಸಿನಲ್ಲಿ ತೊಡೆಯ ಮೇಲೆ.
ಕಂಡಕ್ಟರ್ ಲಗೇಜು ಅಂದ, ಕೊಟ್ಟೆ.
ಲೋಟದಲ್ಲಿ ಅಳೆದು ಎರಡು ಸಾವಿರ ಅಂದಿದ್ದರು,
ಲೋಟದಲ್ಲಿ ಎಷ್ಟಿತ್ತೋ ಗಂಗವ್ವನಿಗೇ ಗೊತ್ತು.
ಚೀಲವನ್ನು ಕೊಳದ ಮೇಲೆ ಅರ್ಧ ಗಂಟೆ ತೇಲಿಬಿಟ್ಟೆ,
ಒಳನೀರಿಗೂ ಹೊರನೀರಿಗೂ ಪರಿಚಯವಾಗಲಿ ಅಂತ.
ಮದುವೆಯಾಗಿ ಬಂದಾಗ
ನನಗೆ ಅಷ್ಟು ಹೊತ್ತೂ ಕೊಟ್ಟಿರಲಿಲ್ಲ ಯಾರೂ.

ಮೋಟಾರು ಒತ್ತಿದ. ಕರೆಂಟಿಲ್ಲ.
ತ್ರೀ ಫೇಸ್ ಬರುವುದು ಆರಕ್ಕೆ.

ಇಳಿದೆವು.
ಮಂಚಯ್ಯನ ಕೈಲಿ ಬಾಳೆದಿಂಡು, ನನ್ನ ಕೈಲಿ ಬಿಂದಿಗೆ,
ಹರ್ಷಿತ ಬರಿಗೈ. ನೀರು ಬಡಿದೆವು.
ತುಂಬು, ತಲೆಮಟ್ಟ ಎತ್ತು, ಸುರಿ.
ತುಂಬು, ಎತ್ತು,
ಕೊಳದ ನೀರನ್ನು ಕೊಳಕ್ಕೇ ಹೊಯ್ಯುವ ಕೂಲಿ.
ತೊಡೆಗೆ ತಾಕಿ ತಾಕಿ ನುಣ್ಣನೆ ಮೈಗಳು,
ಓಡುವುದನ್ನೇ ಮರೆತವು.
"ಅವ್ವ, ಇಷ್ಟೊಂದು ಗಾಳಿ ಐತಲ್ಲ ಮ್ಯಾಲೆ,
ಒಳಕ್ಯಾಕೆ ಹೋಗಾಕಿಲ್ಲ?"
ಉತ್ತರ ಅವಳ ವಿಜ್ಞಾನದ ಪುಸ್ತಕದಲ್ಲಿದ್ದೀತು.
ನನ್ನ ತೋಳಲ್ಲಿರಲಿಲ್ಲ.

ನಾಲ್ಕೂವರೆಗೆ ನಾಲೆಯ ಆಚೆಯಿಂದ ಒಂದು ದೀಪ.
ನಜೀರಣ್ಣ. ಟಿವಿಎಸ್ಸಿಗೆ ಹಗ್ಗದಲ್ಲಿ ಬಿಗಿದ ಡೀಸೆಲ್ ಎಂಜಿನ್ನು.
ನಮ್ಮ ಏರಿ ಬಸಿದು ತನ್ನ ಭತ್ತ ಕೊಳೆಯಿತೆಂದು
ವರ್ಷದಿಂದ ಮಾತು ಬಿಟ್ಟವನು.
ಆಗಲೂ ಆಡಲಿಲ್ಲ.
ಪೈಪು ಇಳಿಸಿದ, ಹಗ್ಗ ಸುತ್ತಿದ, ಎಳೆದ.
ಕೆಮ್ಮಿತು. ಎಳೆದ. ಹತ್ತಿಕೊಂಡಿತು.
ಕತ್ತಲಿಗೆ ನೀರು ಚಿಮ್ಮಿ ಕೊಳದ ಮೇಲೆ ಬಿದ್ದದ್ದೇ
ಬಾಯಿಗಳು ಅಲ್ಲಿಗೆ ತಿರುಗಿದವು, ಎಲ್ಲಾ ಒಟ್ಟಿಗೆ.
ಆಮೇಲೆ ಒಂದೊಂದೇ ಮುಚ್ಚಿ ಕೆಳಗಿಳಿದವು.

ಡೀಸೆಲ್ ಎಷ್ಟಾಯ್ತಣ್ಣ ಎಂದೆ.
ಏರಿಯ ಬಸಿಯುವ ಮೂಲೆಗೆ ಬೆರಳು ತೋರಿಸಿ
ಎಂಜಿನ್ನು ಕಟ್ಟಿಕೊಂಡು ಹೋದ.

ಬೆಳಕು ಹರಿದಾಗ ಬಿಳಿ ಹೊಟ್ಟೆಗಳು, ನೂರಾ ಹದಿನೇಳು.
ಮೊದಲು ಹೋಗುವುದು ದೊಡ್ಡವೇ,
ಗೌರಿ ಹಬ್ಬ ಕಳೆದ ಮೇಲೆ ಮಾರೋಣವೆಂದು
ಹಿಂಡಿ ಹಾಕಿ ಹಾಕಿ ನಿಲ್ಲಿಸಿಕೊಂಡವು.
ಮೈಸೂರಿನ ಗಾಡಿಯವನು ಕಿವಿರು ಎತ್ತಿ ನೋಡಿ
"ಶ್ರಾವಣ ಅಲ್ವೇನಮ್ಮ, ಯಾರು ತಿಂತಾರೆ" ಅಂದ.
ಅರ್ಧ ಬೆಲೆ. ಐಸು ನಮ್ಮ ಲೆಕ್ಕಕ್ಕೆ.
ಹರ್ಷಿತ ಎರಡು ಸಲ ಸೋಪು ಹಾಕಿ ಕೈ ತೊಳೆದು
ಮೂಸಿಕೊಂಡು, ಸ್ಕೂಲಿಗೆ ಹೋದಳು.

ಸಂಜೆ ಮಂಚಯ್ಯ ಆ ಮೂಲೆಯಲ್ಲಿ
ಜೇಡಿ ತುಳಿಯುತ್ತಿದ್ದ, ಸೊಂಟಕ್ಕೆ ಪಂಚೆ ಕಟ್ಟಿ.
ನಾನು ಒಂದೇ ಹಿಡಿ ತೌಡು ಬೀರಿದೆ.
ಕಾದೆ.
ಒಂದು ಗುಳ್ಳೆ ಎದ್ದಿತು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಮೋಡ ಇನ್ನೂ ಅಲ್ಲೇ ಇತ್ತು,
ಬಿಂದಿಗೆಯನ್ನು ಏರಿಯ ಮೇಲೆಯೇ ಬಿಟ್ಟು ಬಂದೆ.